ಅಪ್ಪನ ಮನೆ ಬಿಟ್ಟ ಮೇಲೆ: ಸರ್ರಿಯಲಿಸ್ಟ್ ಕಲಾವಿದೆಯರ ಬಗ್ಗೆ ಮಾತಾಡೋಣ ಬನ್ನಿ

ಅರ್ಧ_ಕಪ್_ಕಾಫಿ

ಹೋದ ವಾರ ಅಕ್ಕನ ಮನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರ ಇತ್ತು. ಉಪ್ಪಿಟ್ಟು, ಕೇಸರಿಬಾತ್, ರೇಷ್ಮೆ ಸೀರೆ, ಎಲ್ಲ ತಯಾರು. ಅಕ್ಕನ ಮಗಳು ಕಾಫಿ ಟ್ರೇ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತವಳು ನನ್ನ ಕಿವಿಯಲ್ಲಿ ಕೇಳಿದಳು: "ಚಿಕ್ಕಮ್ಮಾ, ನನ್ನ ಬದಲು ಬೇರೆ ಯಾರನ್ನಾದ್ರೂ ಕಳಿಸೋಕಾಗಲ್ವಾ?"

ನನಗೆ ನಗು ತಡೆಯಲಾಗಲಿಲ್ಲ. ಯಾಕೆಂದರೆ ಇದೇ ಪ್ರಶ್ನೆಯನ್ನು 1930ರ ದಶಕದಲ್ಲಿ ಇಂಗ್ಲೆಂಡಿನ ಹುಡುಗಿಯೊಬ್ಬಳು ಕೇಳಿಕೊಂಡು, ಅದನ್ನೇ ಕತೆ ಮಾಡಿದ್ದಳು. ಆ ಕತೆಯ ಹುಡುಗಿಗೆ ತನ್ನನ್ನು ದೊಡ್ಡವರ ಮುಂದೆ ಮೆರೆಸುವ ಪಾರ್ಟಿಗೆ ಹೋಗಲು ಇಷ್ಟವಿಲ್ಲ. ಮೃಗಾಲಯದಲ್ಲಿ ಅವಳಿಗೊಂದು ಕತ್ತೆಕಿರುಬದ ಸ್ನೇಹ. "ನನ್ನ ಬದಲು ನೀನು ಹೋಗ್ತೀಯಾ?" ಎಂದು ಕೇಳುತ್ತಾಳೆ. ಕಿರುಬ ಒಪ್ಪುತ್ತದೆ. ಗೌನು ಹಾಕಿ, ಕೈಗವಸು ತೊಡಿಸಿ, ಹೀಲ್ಸ್‌ನಲ್ಲಿ ನಡೆಯುವುದನ್ನೂ ಕಲಿಸಿದ್ದಾಯಿತು. ಮುಖಕ್ಕೇನು ಮಾಡುವುದು? ಕಿರುಬ ಮನೆಕೆಲಸದವಳನ್ನು ತಿಂದು, ಅವಳ ಮುಖವನ್ನು ಮಾತ್ರ ಉಳಿಸಿ ತಾನು ಹಾಕಿಕೊಳ್ಳುತ್ತದೆ. ಹುಡುಗಿ ಮೇಲೆ ಕೋಣೆಯಲ್ಲಿ ಆರಾಮಾಗಿ ಪುಸ್ತಕ ಓದುತ್ತಾಳೆ. ಕೆಳಗೆ ಊಟದ ಹೊತ್ತಿಗೆ ವಾಸನೆಯ ಮಾತು ಬರುತ್ತದೆ. ಕಿರುಬ ಎದ್ದು ನಿಂತು, ಹಾಕಿಕೊಂಡ ಮುಖ ಕಿತ್ತು ತಿಂದು, ಕಿಟಕಿಯಿಂದ ಹಾರಿ ಹೋಗುತ್ತದೆ.

ಬರೆದವಳು ಲಿಯೊನೋರಾ ಕ್ಯಾರಿಂಗ್ಟನ್. 1917ರಲ್ಲಿ ಲ್ಯಾಂಕಶೈರಿನಲ್ಲಿ ಹುಟ್ಟಿದವಳು. ಅಪ್ಪ ಜವಳಿ ಮಿಲ್ಲಿನ ಸಾಹುಕಾರ, ಅಮ್ಮ ಐರಿಷ್. ಮೂವರು ಗಂಡುಮಕ್ಕಳು, ಇವಳೊಬ್ಬಳೇ ಹೆಣ್ಣು. ಕಾನ್ವೆಂಟುಗಳಿಂದ ಒಂದಾದ ಮೇಲೊಂದು ಹೊರಗೆ ಹಾಕಿಸಿಕೊಂಡಳು. ಹದಿನೆಂಟರ ಆಸುಪಾಸಿನಲ್ಲಿ ಅಪ್ಪ ಅಮ್ಮ ತಲೆಗೆ ಕಿರೀಟದಂಥದ್ದು ಇಟ್ಟು, ಐದನೇ ಜಾರ್ಜ್ ದೊರೆಯ ಆಸ್ಥಾನಕ್ಕೆ ಕರೆದೊಯ್ದು ತೋರಿಸಿದರು. ಹುಡುಗಿ ಮದುವೆಗೆ ಬಂದಿದ್ದಾಳೆ ಎಂದು ಊರಿಗೆ ಸಾರುವುದು ಅಲ್ಲಿ ಹಾಗೆ. ಕಿರೀಟ ತಲೆಗೆ ಕಚ್ಚುತ್ತಿತ್ತು ಎನ್ನುವುದೇ ಅವಳಿಗೆ ಕೊನೆವರೆಗೂ ನೆನಪಿದ್ದದ್ದು. ಆಸ್ಕಟ್ ಕುದುರೆ ರೇಸಿಗೂ ಕರೆದೊಯ್ದರು. ಬಾಜಿ ಕಟ್ಟಲು ಬಿಡಲಿಲ್ಲ ಎಂದು ಕೂತಲ್ಲೇ ಒಂದು ದಪ್ಪ ಕಾದಂಬರಿ ಓದಿ ಮುಗಿಸಿದಳಂತೆ.

ಇಂಥ ಹೆಣ್ಣುಮಕ್ಕಳು ಸರ್ರಿಯಲಿಸಂನಲ್ಲಿ, ಅಂದರೆ ಕನಸಿನ ಲೋಕವನ್ನು ಚಿತ್ರಕ್ಕೂ ಕತೆಗೂ ತಂದ ಯುರೋಪಿನ ಆ ಕಲಾಪಂಥದಲ್ಲಿ, ಒಬ್ಬಿಬ್ಬರಲ್ಲ. ನನಗೆ ಕಾಡುವ ಪ್ರಶ್ನೆ ಒಂದೇ. ಅಪ್ಪನ ಮನೆ ಬಿಟ್ಟರು, ಸರಿ. ಮುಂದೆ ಯಾರ ಮನೆಗೆ ಹೋದರು? ಗೊತ್ತಿದ್ದವರು ಬರೆಯಿರಿ.

ಸುಮ್ನೆ_ಓದುವವ

ಕತೆ ಓದಿ ನನ್ನ ಬೆಳಗಿನ ತಿಂಡಿ ಅರ್ಧಕ್ಕೇ ನಿಂತಿತು. ಮೇಡಂ, ನಿಜವಾದ ಹುಡುಗಿ ಏನು ಮಾಡಿದಳು? ಅಪ್ಪ ಸುಮ್ಮನೆ ಬಿಟ್ಟರಾ?

ಅರ್ಧ_ಕಪ್_ಕಾಫಿ

ಎಲ್ಲಿ ಬಿಡುತ್ತಾರೆ! ಹಟ ಮಾಡಿ ಲಂಡನ್ನಿಗೆ ಚಿತ್ರ ಕಲಿಯಲು ಹೋದಳು. 1936ರಲ್ಲಿ ಅಲ್ಲಿ ಸರ್ರಿಯಲಿಸಂನ ದೊಡ್ಡ ಪ್ರದರ್ಶನ ಆಯಿತು. ಮಜಾ ಎಂದರೆ, ಆ ಪಂಥದ ಬಗ್ಗೆ ಒಂದು ಪುಸ್ತಕ ಕೊಟ್ಟವರು ಅವಳ ಅಮ್ಮನೇ. ಅದರ ಹೊದಿಕೆಯ ಮೇಲೆ ಜರ್ಮನ್ ಸರ್ರಿಯಲಿಸ್ಟ್ ಚಿತ್ರಕಾರ ಮ್ಯಾಕ್ಸ್ ಅರ್ನ್ಸ್ಟ್‌ನ ಚಿತ್ರ. ಮರುವರ್ಷ ಒಂದು ಊಟದ ಮನೆಯಲ್ಲಿ ಆ ಅರ್ನ್ಸ್ಟೇ ಎದುರಿಗೆ ಸಿಕ್ಕ. ಇವಳಿಗೆ 20, ಅವನಿಗೆ 46. ಅವನಿಗೆ ಹೆಂಡತಿಯೂ ಇದ್ದಳು. ಅಶ್ಲೀಲ ಚಿತ್ರ ಬರೆಯುತ್ತಾನೆಂದು ಅವನನ್ನು ಹಿಡಿಸಿಹಾಕಲು ಅಪ್ಪ ಪ್ರಯತ್ನಪಟ್ಟರು. ಇವಳು ಗಂಟುಮೂಟೆ ಕಟ್ಟಿ ಪ್ಯಾರಿಸ್ಸಿಗೆ ಹೋದಳು. ಅಪ್ಪನ ಮುಖವನ್ನು ಅವಳು ಮತ್ತೆ ನೋಡಲೇ ಇಲ್ಲ.

1938ರಲ್ಲಿ ಇಬ್ಬರೂ ದಕ್ಷಿಣ ಫ್ರಾನ್ಸಿನ ಸಾಂ ಮಾರ್ತ್ಯಾ ದಾರ್ದೇಶ್ ಎಂಬ ಹಳ್ಳಿಯಲ್ಲಿ ಹಳೆಯ ಕಲ್ಲಿನ ಮನೆ ಹಿಡಿದು, ಗೋಡೆ ಬಾಗಿಲಿಗೆಲ್ಲ ಚಿತ್ರ ಬರೆದುಕೊಂಡು ಇದ್ದರು. 1939ರಲ್ಲಿ ಯುದ್ಧ ಬಂತು. ಜರ್ಮನಿಯವನೆಂದು ಫ್ರೆಂಚರು ಅರ್ನ್ಸ್ಟ್‌ನನ್ನು ಶಿಬಿರಕ್ಕೆ ಹಾಕಿದರು. ಅಲ್ಲಿಂದ ಮುಂದಿನ ಕತೆ ಬೇರೆ.

ಖಾರಾ_ಬೂಂದಿ

ಕ್ಷಮಿಸಿ, ನಾನು ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಇದರಲ್ಲಿ ಬಂಡಾಯ ಎಲ್ಲಿದೆ? ಸಾಹುಕಾರನ ಮಗಳು. ಅಪ್ಪನ ವಯಸ್ಸಿನ, ಹೆಂಡತಿ ಇರುವ ಗಂಡಸಿನ ಜೊತೆ ಓಡಿಹೋದಳು. ನಮ್ಮ ಬೀದಿಯ ಹುಡುಗಿ ಹೀಗೆ ಮಾಡಿದ್ದರೆ ಇಲ್ಲಿ ಇದೇ ಜನ ಏನೇನು ಬರೆಯುತ್ತಿದ್ದರು, ನೆನೆಸಿಕೊಳ್ಳಿ. ಒಬ್ಬ ಅಪ್ಪನನ್ನು ಬಿಟ್ಟು ಇನ್ನೊಬ್ಬ ಅಪ್ಪನ ಹತ್ತಿರ ಹೋದಂತಾಯಿತು, ಅಷ್ಟೇ ಅಲ್ವಾ?

ಡ್ರಾಯಿಂಗ್_ಮೇಷ್ಟ್ರು

ಖಾರಾ ಬೂಂದಿಯವರ ಮಾತು ಕಹಿಯಾದರೂ ತಳ್ಳಿಹಾಕುವಂಥದ್ದಲ್ಲ. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಹೇಳಿಕೊಟ್ಟವನು. ಒಂದು ಫೋಟೊ ಬಗ್ಗೆ ಹೇಳುತ್ತೇನೆ. 1929ರಲ್ಲಿ ಸರ್ರಿಯಲಿಸ್ಟರ ಪತ್ರಿಕೆಯಲ್ಲಿ ಬಂದದ್ದು. ನಡುವೆ ಮಾಗ್ರಿಟ್ ಬರೆದ ಬತ್ತಲೆ ಹೆಣ್ಣಿನ ಚಿತ್ರ. ಸುತ್ತಲೂ ಪಾಸ್‌ಪೋರ್ಟ್ ಅಳತೆಯ ಹದಿನಾರು ಫೋಟೊ, ಹದಿನಾರೂ ಗಂಡಸರು. ಎಲ್ಲರೂ ಕಣ್ಣು ಮುಚ್ಚಿದ್ದಾರೆ. ಕಾಡಿನಲ್ಲಿ ಅಡಗಿರುವ ಹೆಣ್ಣು ನನಗೆ ಕಾಣುತ್ತಿಲ್ಲ ಎಂಬ ಅರ್ಥದ ಸಾಲು ಅದರಲ್ಲಿದೆ. ಕನಸು ಕಾಣುವವರು ಗಂಡಸರು, ಕನಸಿಗೆ ಬರುವವಳು ಹೆಣ್ಣು. ಆ ಗುಂಪಿನ ಲೆಕ್ಕ ಅದು. ಈ ಹುಡುಗಿಯರು ಮನೆ ಬಿಟ್ಟು ಬಂದು ಸೇರಿದ ಜಾಗವೂ ಅದೇ.

ಆದರೆ ಬಂದವರು ಸುಮ್ಮನೆ ಕನಸಾಗಿ ಕೂತರಾ? ಕ್ಯಾರಿಂಗ್ಟನ್ 1937-38ರಲ್ಲಿ ಬರೆದ ಸ್ವಂತ ಚಿತ್ರ ನೋಡಿ. ನೀಲಿ ಕುರ್ಚಿಯ ಅಂಚಿನಲ್ಲಿ ಕೂತಿದ್ದಾಳೆ. ಕುದುರೆ ಸವಾರರ ಬಿಳಿ ಪ್ಯಾಂಟು, ಬೂಟು, ಗಾಳಿಗೆ ಸಿಕ್ಕ ಹಾಗೆ ಕೂದಲು. ಗಂಡಸರು ಬರೆದಿದ್ದರೆ ಅವಳನ್ನು ಸೋಫಾದ ಮೇಲೆ ಮಲಗಿಸುತ್ತಿದ್ದರು, ಬಟ್ಟೆಯೂ ಇರುತ್ತಿರಲಿಲ್ಲ. ಇವಳು ನಮ್ಮನ್ನೇ ನೇರವಾಗಿ ನೋಡುತ್ತಾಳೆ. ಎದುರಿಗೆ ಕತ್ತೆಕಿರುಬ, ಅದರ ಮೊಲೆಗಳಲ್ಲಿ ಹಾಲು ತುಂಬಿದೆ. ಹಿಂದಿನ ಗೋಡೆಯಲ್ಲಿ ಮಕ್ಕಳ ತೂಗುಕುದುರೆ, ಬಿಳಿ ಬಣ್ಣದ್ದು. ಕಿಟಕಿಯ ಆಚೆ ಅದೇ ಬಣ್ಣದ ನಿಜವಾದ ಕುದುರೆ ಕಾಡಿನ ಕಡೆ ಓಡುತ್ತಿದೆ. ಕುರ್ಚಿಯ ಕೈಗಳನ್ನು ಗಮನಿಸಿ, ಅವಕ್ಕೂ ಮನುಷ್ಯರ ಕೈಗಳಿವೆ. ಮನೆಯ ಸಾಮಾನೇ ಹಿಡಿದುಕೊಳ್ಳಲು ಬರುವ ಹಾಗೆ.

ಇನ್ನೊಂದು ಮಾತು. ಪ್ಯಾರಿಸ್ಸಿನಲ್ಲಿ ಚಿತ್ರಕಾರ ಮೀರೊ ಒಮ್ಮೆ ಅವಳ ಕೈಗೆ ಚಿಲ್ಲರೆ ಕೊಟ್ಟು ಸಿಗರೇಟು ತಂದುಕೊಡು ಎಂದನಂತೆ. ನೀನೇ ತಗೋ, ನಿನಗೇನಾಗಿದೆ ಎಂದು ದುಡ್ಡು ವಾಪಸ್ ಕೊಟ್ಟಳಂತೆ. ಯಾರಿಗೋ ಸ್ಫೂರ್ತಿದೇವತೆಯಾಗಿ ಕೂರಲು ನನಗೆ ಪುರುಸೊತ್ತಿರಲಿಲ್ಲ, ಮನೆಯವರ ವಿರುದ್ಧ ತಿರುಗಿ ಬೀಳುವುದರಲ್ಲೂ ಚಿತ್ರ ಕಲಿಯುವುದರಲ್ಲೂ ಮುಳುಗಿದ್ದೆ ಎಂದು ಮುದುಕಿಯಾದ ಮೇಲೆ ಹೇಳುತ್ತಿದ್ದಳು.

ವಾರ್ಡ್_ನಂಬರ್_6

ಯುದ್ಧ ಶುರುವಾದ ಮೇಲಿನದ್ದು ಬೇರೆ ಕತೆ ಅಂದಿರಲ್ಲ, ಅದನ್ನು ನಾನು ಹೇಳುತ್ತೇನೆ. ನಾನು ಮಾನಸಿಕ ರೋಗಿಗಳ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ಆ ಭಾಗ ಓದಿದಾಗ ನಿದ್ದೆ ಬಂದಿರಲಿಲ್ಲ.

ಅರ್ನ್ಸ್ಟ್‌ನನ್ನು ಎರಡನೇ ಸಲ ಹಿಡಿದುಕೊಂಡು ಹೋದ ಮೇಲೆ ಅವಳು ಆ ಮನೆಯಲ್ಲಿ ಒಬ್ಬಳೇ. ಊಟ ಬಿಟ್ಟಳು. ಸ್ನೇಹಿತರು ಸ್ಪೇನಿಗೆ ಕರೆದೊಯ್ದರು. ಮ್ಯಾಡ್ರಿಡ್‌ನಲ್ಲಿ ಮನಸ್ಸು ಪೂರ್ತಿ ಹತೋಟಿ ತಪ್ಪಿತು. ಅಲ್ಲಿಂದ ಸಾಂತಾಂದೇರ್ ಊರಿನ ಖಾಸಗಿ ಹುಚ್ಚಾಸ್ಪತ್ರೆ. ಖರ್ಚು ಅಪ್ಪನದು. ಕೈಕಾಲು ಕಟ್ಟಿ, ಬಟ್ಟೆಯಿಲ್ಲದೆ ಮಲಗಿಸಿದ್ದರು ಎಂದು ಅವಳೇ ಬರೆದಿದ್ದಾಳೆ. ಕಾರ್ಡಿಯಾಜೋಲ್ ಎಂಬ ಚುಚ್ಚುಮದ್ದು ಕೊಟ್ಟರು. ಬೇಕೆಂದೇ ಫಿಟ್ಸ್ ಬರಿಸುವ ಔಷಧಿ ಅದು. ಕರೆಂಟು ಕೊಡುವುದು ರೂಢಿಗೆ ಬರುವ ಮೊದಲು ಹಲವು ದೇಶಗಳಲ್ಲಿ ಅದೇ ಚಿಕಿತ್ಸೆ. ಫಿಟ್ಸ್ ಬರುವ ಮುಂಚಿನ ಕೆಲವು ಕ್ಷಣ ರೋಗಿಗೆ ಎಚ್ಚರ ಇರುತ್ತದೆ, ಸತ್ತೇ ಹೋದೆ ಎನ್ನುವಷ್ಟು ಭಯ ಆಗುತ್ತದೆ. ಆ ಔಷಧಿಯನ್ನು ಜಗತ್ತೇ ಕೈಬಿಟ್ಟದ್ದಕ್ಕೆ ಒಂದು ಕಾರಣ ಅದು.

ನೋಡಲು ಅಪ್ಪ ಅಮ್ಮ ಬರಲಿಲ್ಲ. ಚಿಕ್ಕಂದಿನಲ್ಲಿ ಐರಿಷ್ ಕತೆ ಹೇಳಿ ಮಲಗಿಸುತ್ತಿದ್ದ ಆಯಾಳನ್ನು ಯುದ್ಧದ ಹಡಗಿನಲ್ಲಿ ಕಳಿಸಿದರು! ಹಡಗಿನಲ್ಲಿ ಕೂತು ಬಂದ ಆ ಮುದುಕಿಯನ್ನು ನೆನೆಸಿಕೊಂಡರೆ ನನಗೆ ಸಂಕಟವಾಗುತ್ತದೆ. ಅವಳನ್ನು ಯಾರು ಕೇಳಿದರು?

ಆಮೇಲೆ ದಕ್ಷಿಣ ಆಫ್ರಿಕಾದ ಇನ್ನೊಂದು ಆಸ್ಪತ್ರೆಗೆ ಸಾಗಿಸುವುದೆಂದು ಮನೆಯವರ ತೀರ್ಮಾನ. ಅದಕ್ಕಾಗಿ ಲಿಸ್ಬನ್ನಿಗೆ ಕರೆತಂದರು. ಕಾವಲಿಗೆ ಹೆಂಗಸು. ಇವಳು ಒಂದು ಕಾಫಿ ಅಂಗಡಿಗೆ ಹೋಗಿ, ಟಾಯ್ಲೆಟ್ಟಿಗೆ ಹೋಗಬೇಕು ಎಂದು ನೆಪ ಹೇಳಿ, ಹಿಂದಿನ ಬಾಗಿಲಿನಿಂದ ಹೊರಬಿದ್ದು, ಟ್ಯಾಕ್ಸಿ ಹತ್ತಿ ಮೆಕ್ಸಿಕೊ ರಾಯಭಾರ ಕಚೇರಿಗೆ ಹೋದಳು. ಅಲ್ಲಿ ರೆನಾತೊ ಲೆದುಕ್ ಎಂಬ ಪರಿಚಯದವನಿದ್ದ, ಕವಿ. ಅವನನ್ನು ಕಾಗದಕ್ಕಾಗಿ ಮದುವೆಯಾಗಿ, 1941ರಲ್ಲಿ ನ್ಯೂಯಾರ್ಕಿಗೆ ಹಡಗು ಹತ್ತಿದಳು. ಖಾರಾ ಬೂಂದಿಯವರೇ, ಬಂಡಾಯ ಎಲ್ಲಿದೆ ಅಂದಿರಲ್ಲ. ನನ್ನ ಪ್ರಕಾರ ಆ ಹಿಂದಿನ ಬಾಗಿಲಿನಲ್ಲಿದೆ. ಪ್ಯಾರಿಸ್ಸಿಗೆ ಹೋದದ್ದಲ್ಲ, ಲಿಸ್ಬನ್ನಿನಲ್ಲಿ ಓಡಿದ್ದು.

ಖಾರಾ_ಬೂಂದಿ

ಇದು ಗೊತ್ತಿರಲಿಲ್ಲ. ಆ ಹಿಂದಿನ ಬಾಗಿಲಿಗೆ ನನ್ನದೂ ಒಂದು ನಮಸ್ಕಾರ.

ಆದರೂ ದುಡ್ಡಿನ ಪ್ರಶ್ನೆ ಬಿಡುವುದಿಲ್ಲ. ಫ್ರೆಂಚ್ ಕಲಿತಿದ್ದಳು, ಫ್ಲಾರೆನ್ಸಿನಲ್ಲಿ ಓದಿದ್ದಳು, ದೊಡ್ಡವರ ಮನೆಯಲ್ಲಿ ಹೇಗೆ ಮಾತಾಡಬೇಕೆಂದು ಗೊತ್ತಿತ್ತು. ರಾಯಭಾರ ಕಚೇರಿ ಬಾಗಿಲು ತಟ್ಟಿದರೆ ಒಳಗೆ ಬಿಡುತ್ತಾರೆ ಎಂಬ ಧೈರ್ಯ ಎಲ್ಲಿಂದ ಬರುತ್ತದೆ? ಕತೆಯಲ್ಲೂ ನೋಡಿ, ಸಾಹುಕಾರನ ಮಗಳ ಬಿಡುಗಡೆಗೆ ಸತ್ತವಳು ಕೆಲಸದವಳು. ಅದನ್ನು ಯಾರೂ ಮಾತಾಡುವುದೇ ಇಲ್ಲ.

ಅರ್ಧ_ಕಪ್_ಕಾಫಿ

ಕೆಲಸದವಳ ಮಾತು ಚುಚ್ಚಿತು. ನಾನೂ ಅದನ್ನು ಒಂದು ಸಾಲಿನಲ್ಲಿ ದಾಟಿಸಿಬಿಟ್ಟಿದ್ದೆ. ಕ್ಯಾರಿಂಗ್ಟನ್‌ಗೆ ಅದು ಗೊತ್ತಿತ್ತು ಎಂದೇ ನನಗನಿಸುತ್ತದೆ. ಕತೆ ಹೇಳುವ ಹುಡುಗಿಯನ್ನು ಅವಳು ಒಳ್ಳೆಯವಳಾಗಿ ತೋರಿಸಿಲ್ಲ. ಸಾಯುವ ಮುಂಚೆ ನೋವಾಗದಿದ್ದರೆ ಸಾಕು ಎನ್ನುವಷ್ಟೇ ಅವಳ ದಯೆ.

ಬಣ್ಣದ_ಡಬ್ಬಿ

ದುಡ್ಡಿನ ವಿಷಯ ಬಂತಲ್ಲ, ಈಗ ನನ್ನ ಸರದಿ. ನನಗೆ ಚಿತ್ರಕಲೆ ಓದಬೇಕೆಂದು ಆಸೆ ಇತ್ತು. ಅಪ್ಪ ಅರ್ಜಿ ಫಾರಂ ಮಡಿಸಿ ಪಂಚಾಂಗದ ಒಳಗಿಟ್ಟು, "ಬಿ.ಕಾಂ. ಮುಗಿಸು, ಆಮೇಲೆ ನೋಡೋಣ" ಅಂದರು. ಆಮೇಲೆ ಯಾರೂ ನೋಡಲಿಲ್ಲ. ಈಗ ಹಗಲು ಜಿಎಸ್‌ಟಿ, ರಾತ್ರಿ ಜಲವರ್ಣ. ಆದ್ದರಿಂದ ನನಗೆ ಸ್ಪೇನಿನ ಸರ್ರಿಯಲಿಸ್ಟ್ ಚಿತ್ರಕಾರ್ತಿ ರೆಮೆದಿಯೋಸ್ ವಾರೊ ಹತ್ತಿರ.

1908ರಲ್ಲಿ ಕ್ಯಾಟಲೋನಿಯಾದ ಆಂಗ್ಲೆಸ್ ಎಂಬ ಊರಲ್ಲಿ ಹುಟ್ಟಿದವಳು. 1941ರ ಕೊನೆಗೆ ಯುದ್ಧದಿಂದ ತಪ್ಪಿಸಿಕೊಂಡು ಮೆಕ್ಸಿಕೊ ಸೇರಿದಳು. ಕೈಯಲ್ಲಿ ಕಾಸಿಲ್ಲ. ಜೊತೆಗಿದ್ದ ಕವಿ ಬೆಂಜಮಿನ್ ಪೆರೆಗಂತೂ ಸಂಪಾದನೆ ದೂರದ ಮಾತು. ಅವಳು ಪೀಠೋಪಕರಣಕ್ಕೆ ಬಣ್ಣ ಹೊಡೆದಳು, ನಾಟಕಕ್ಕೆ ಬಟ್ಟೆ ಹೊಲಿದಳು. ಬೇಯರ್ ಔಷಧಿ ಕಂಪನಿಗೆ ಜಾಹೀರಾತು ಚಿತ್ರ ಬರೆದಳು. ನೋವು, ವಾತ, ನಿದ್ದೆಗೇಡು ಎಂದರೆ ಹೇಗಿರುತ್ತದೆ ಎಂದು ತೋರಿಸುವ ಚಿತ್ರಗಳು. ಅವುಗಳಿಗೆ "ವಾರೊ" ಎಂದು ಸಹಿ ಹಾಕಲಿಲ್ಲ. ಅಮ್ಮನ ಮನೆತನದ ಹೆಸರು "ಉರಾಂಗಾ" ಎಂದು ಹಾಕಿದಳು. ಹೊಟ್ಟೆಪಾಡಿನ ಕೆಲಸಕ್ಕೆ ಅಮ್ಮನ ಹೆಸರು, ಸ್ವಂತ ಕೆಲಸಕ್ಕೆ ಅಪ್ಪನ ಹೆಸರು! ನಾನು ಇದನ್ನು ಎಷ್ಟು ಸಲ ಯೋಚಿಸಿದ್ದೇನೋ.

1947ರಲ್ಲಿ ವೆನೆಜುವೆಲಾಕ್ಕೆ ಹೋದಳು. ಅಣ್ಣ ಅಲ್ಲಿ ಸಾಂಕ್ರಾಮಿಕ ರೋಗಗಳ ಕೆಲಸದಲ್ಲಿದ್ದ. ಮಲೇರಿಯಾ ನಿವಾರಣೆಗಾಗಿ ಇವಳು ಸೂಕ್ಷ್ಮದರ್ಶಕದಲ್ಲಿ ನೋಡಿ ನೋಡಿ ಸೊಳ್ಳೆ, ಕೀಟಗಳ ಚಿತ್ರ ಬರೆದುಕೊಟ್ಟಳು. ಅವಳ ಚಿತ್ರಗಳಲ್ಲಿ ಎಳೆ ಎಳೆಯೂ ಅಷ್ಟು ಸಣ್ಣಗೆ, ಖಚಿತವಾಗಿ ಬರುವುದರಲ್ಲಿ ಆ ಸೊಳ್ಳೆಗಳ ಪಾಲೂ ಇರಬೇಕು.

ಮೊದಲ ಒಂಟಿ ಪ್ರದರ್ಶನ ಆದದ್ದು 1956ರಲ್ಲಿ. ಅಂದರೆ 47ನೇ ವಯಸ್ಸಿಗೆ. 1963ರಲ್ಲಿ ಹೃದಯಾಘಾತದಿಂದ ತೀರಿಕೊಂಡಳು, 54 ವರ್ಷ. ನಾವು ಕೊಂಡಾಡುವ ಚಿತ್ರಗಳೆಲ್ಲ ಹೆಚ್ಚುಕಮ್ಮಿ ಆ ಕೊನೆಯ ಹತ್ತು ವರ್ಷದವು. ನನಗೀಗ 44.

ಡ್ರಾಯಿಂಗ್_ಮೇಷ್ಟ್ರು

ಮಗಳೇ, ಆ ಫಾರಂ ಪಂಚಾಂಗದಲ್ಲೇ ಇದೆಯಾ ಇನ್ನೂ?

ವಾರೊ ವಿಷಯದಲ್ಲಿ ಅಪ್ಪನಿಗೆ ಸ್ವಲ್ಪ ನ್ಯಾಯ ಸಿಗಬೇಕು. ಅವರು ನೀರಾವರಿ ಎಂಜಿನಿಯರ್. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಸ್ಕೇಲು, ಕೈವಾರ ಹಿಡಿಯುವುದನ್ನು ಕಲಿಸಿದರು. ತಮ್ಮ ನಕ್ಷೆಗಳನ್ನು ನಕಲು ಮಾಡಿಸಿದರು, ತಪ್ಪಿದರೆ ಮತ್ತೆ ಮಾಡಿಸಿದರು. ಅವಳ ಚಿತ್ರಗಳ ತುಂಬ ಇರುವ ಚಕ್ರ, ರಾಟೆ, ಕೊಳವೆ, ವಿಚಿತ್ರ ಬಂಡಿಗಳು ಎಲ್ಲ ಆ ಮೇಜಿನ ಮೇಲಿಂದ ಬಂದವು. ಅಮ್ಮ ದೈವಭಕ್ತೆ. ಕಾನ್ವೆಂಟ್ ಶಾಲೆಗೆ ಹಾಕಿದ್ದು ಹಾಗೆ. ಮ್ಯಾಡ್ರಿಡ್‌ನ ಸಾನ್ ಫರ್ನಾಂದೊ ಕಲಾಶಾಲೆಗೆ 1924ರಲ್ಲಿ ಸೇರಿದಾಗ ಅವಳಿಗಿನ್ನೂ ಹದಿನೈದು.

ಆದರೆ ಆ ಅಪ್ಪನ ಮಗಳೇ 1960ರಲ್ಲಿ ಏನು ಬರೆದಳು ಗೊತ್ತಾ? ಮನೋವೈದ್ಯರ ಮನೆಯಿಂದ ಹೊರಗೆ ಬರುತ್ತಿರುವ ಒಬ್ಬ ಹೆಂಗಸು. ಮೈತುಂಬ ಹಸಿರು ನಿಲುವಂಗಿ. ಎರಡು ಬೆರಳಲ್ಲಿ ಗಡ್ಡದ ತುದಿ ಹಿಡಿದು ಒಂದು ಗಂಡಸಿನ ತಲೆಯನ್ನು ಪುಟ್ಟ ಬಾವಿಗೆ ಹಾಕುತ್ತಿದ್ದಾಳೆ. ಆ ತಲೆ ಅಪ್ಪನದು ಎಂದು ಅವಳೇ ಬರೆದಿಟ್ಟಿದ್ದಾಳೆ, ವೈದ್ಯರ ಹತ್ತಿರದಿಂದ ಬರುವಾಗ ಹೀಗೆ ಮಾಡುವುದೇ ಸರಿಯಾದ ಕ್ರಮ ಎಂಬ ಧಾಟಿಯಲ್ಲಿ. ಸತ್ತ ಇಲಿಯನ್ನು ಬಾಲ ಹಿಡಿದು ಹೊರಗೆ ಹಾಕುತ್ತಾರಲ್ಲ, ಹಾಗೆ ಹಿಡಿದಿದ್ದಾಳೆ. ಸಿಟ್ಟಿಲ್ಲ, ಅಳು ಇಲ್ಲ. ಒಳ್ಳೆಯ ಅಪ್ಪಂದಿರ ತಲೆಯನ್ನೂ ಒಂದು ದಿನ ಕೆಳಗಿಡಬೇಕೇನೋ. ನನಗೂ ಇಬ್ಬರು ಹೆಣ್ಣುಮಕ್ಕಳು, ಆ ಚಿತ್ರ ನೋಡಿದಾಗಲೆಲ್ಲ ಗಡ್ಡ ಮುಟ್ಟಿಕೊಳ್ಳುತ್ತೇನೆ.

ಸುಮ್ನೆ_ಓದುವವ

ಮೆಕ್ಸಿಕೊದ ಚಿತ್ರಕಾರ್ತಿ ಫ್ರೀಡಾ ಕಾಲೊ ಹೆಸರು ಯಾರೂ ಎತ್ತಲಿಲ್ಲವಲ್ಲ? ಮತ್ತೆ ನಮ್ಮ ಅಕ್ಕಮಹಾದೇವಿಯೂ ಮನೆ ಬಿಟ್ಟವಳೇ ಅಲ್ವಾ, ಅವಳೂ ಒಂಥರಾ ಸರ್ರಿಯಲಿಸ್ಟೇ ಅಲ್ವಾ?

ಖಾರಾ_ಬೂಂದಿ

ಬಂದೇ ಬಂತು! ಮೆಕ್ಸಿಕೊದಿಂದ ಹೊರಟ ಬಸ್ಸು ಉಡುತಡಿಯಲ್ಲಿ ನಿಲ್ಲದೆ ಹೋಗುವುದಿಲ್ಲ. ಅಕ್ಕನನ್ನು ಅವಳ ಪಾಡಿಗೆ ಬಿಡಿ ಸಾರ್. ಫ್ರೀಡಾಳನ್ನೂ. ಸರ್ರಿಯಲಿಸ್ಟರ ಮುಖಂಡ ಆಂದ್ರೆ ಬ್ರೆತಾನ್ ನೀನು ಸರ್ರಿಯಲಿಸ್ಟ್ ಎಂದದ್ದಕ್ಕೆ, ನಾನು ಕನಸು ಬರೆದವಳಲ್ಲ, ನನ್ನ ನಿಜವನ್ನು ಬರೆದವಳು ಎಂದು ಅವಳೇ ಹೇಳಿ ಮುಗಿಸಿದ್ದಾಳೆ.

ಕಡಲಾಚೆ

ನ್ಯೂಜೆರ್ಸಿಯಿಂದ ನಮಸ್ಕಾರ. ಮೇಷ್ಟ್ರು ಹೇಳಿದ ಆ ಕಿರುಬದ ಚಿತ್ರ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನದು. ನಾನು ಎದುರಿಗೆ ನಿಂತು ನೋಡಿದ್ದೇನೆ. ಪುಸ್ತಕದಲ್ಲಿ ನೋಡಿ ಗೋಡೆಯಷ್ಟು ದೊಡ್ಡದಿರಬೇಕು ಅಂದುಕೊಂಡಿದ್ದೆ. ಮೂರಡಿ ಅಗಲವೂ ಇಲ್ಲ. ನನ್ನ ಎಂಟು ವರ್ಷದ ಮಗಳು ಕೇಳಿದ್ದು ಒಂದೇ: "ಅಮ್ಮಾ, ಕುದುರೆ ಗೋಡೆಯಿಂದ ಹೇಗೆ ಆಚೆ ಹೋಯ್ತು?"

ಆ ಮನೆಯವರ ಬಗ್ಗೆ ಇನ್ನೊಂದು. ಜೊವಾನಾ ಮೂರ್‌ಹೆಡ್ ಎಂಬ ಇಂಗ್ಲಿಷ್ ಪತ್ರಕರ್ತೆ ಕ್ಯಾರಿಂಗ್ಟನ್‌ಗೆ ಸಂಬಂಧಿ. ಇವರ ಅಪ್ಪನಿಗೆ ಅವಳು ಸೋದರ ಸಂಬಂಧದಲ್ಲಿ ಅಕ್ಕ. ಮನೆಯಲ್ಲಿ ಅವಳನ್ನು "ಪ್ರಿಮ್" ಎಂದು ಕರೆಯುತ್ತಿದ್ದರಂತೆ. ಎಂದೋ ಓಡಿಹೋದವಳು, ಅಷ್ಟೇ, ಮುಂದೆ ಮಾತಿಲ್ಲ. ಒಂದು ಪಾರ್ಟಿಯಲ್ಲಿ ಮೆಕ್ಸಿಕೊದವರೊಬ್ಬರು ಸಿಕ್ಕಿ, ಅವಳು ನಮ್ಮ ದೇಶದ ಬಹಳ ದೊಡ್ಡ ಕಲಾವಿದೆ ಎಂದಾಗಲೇ ಇವರಿಗೆ ಗೊತ್ತಾದದ್ದು. 2006ರಲ್ಲಿ ವಿಮಾನ ಹತ್ತಿ ಹೋಗಿ ಬಾಗಿಲು ತಟ್ಟಿದರು. ಎಂಬತ್ತೊಂಬತ್ತರ ಮುದುಕಿ ಟೀ ಮಾಡಿಕೊಟ್ಟು ಮಾತಿಗೆ ಕೂತಳು. ಎಪ್ಪತ್ತು ವರ್ಷ ಒಂದು ಕುಟುಂಬ ಒಬ್ಬಳ ಹೆಸರೆತ್ತದೆ ಇರಬಲ್ಲದು! ನಮ್ಮಲ್ಲೂ ಇಂಥ "ಪ್ರಿಮ್" ಅತ್ತೆಯರು ಎಷ್ಟು ಮನೆಯಲ್ಲಿದ್ದಾರೋ.

ಭಾರತದ ನಂಟು ಬೇಕೆಂದರೆ ನಿಜವಾದದ್ದೊಂದಿದೆ. ಬ್ರಿಟಿಷ್ ಸರ್ರಿಯಲಿಸ್ಟ್ ಇಥೆಲ್ ಕೊಹೂನ್ ಹುಟ್ಟಿದ್ದು 1906ರಲ್ಲಿ, ನಮ್ಮ ಶಿಲ್ಲಾಂಗಿನಲ್ಲಿ. ಅಪ್ಪ ಇಲ್ಲಿ ಸರ್ಕಾರಿ ಅಧಿಕಾರಿ. ಇನ್ನೂ ಕೂಸಾಗಿದ್ದಾಗಲೇ ಇಂಗ್ಲೆಂಡಿಗೆ ಕರೆದೊಯ್ದರು. ಮಂತ್ರ ತಂತ್ರದ ಗುಂಪುಗಳ ಸಹವಾಸ ಬಿಡು ಎಂದು 1940ರಲ್ಲಿ ಲಂಡನ್ನಿನ ಸರ್ರಿಯಲಿಸ್ಟ್ ಗುಂಪಿನ ಯಜಮಾನರು ಹೇಳಿದರು. ಅವಳು ಗುಂಪನ್ನೇ ಬಿಟ್ಟಳು. ಹಾಗಾಗಿ ಮೊದಲ ಪ್ರಶ್ನೆಗೆ ನನ್ನ ಉತ್ತರ: ಕೆಲವರು ಎರಡನೇ ಮನೆಯನ್ನೂ ಬಿಟ್ಟರು.

ಬಣ್ಣದ_ಡಬ್ಬಿ

ಮೇಷ್ಟ್ರೇ, ಪಂಚಾಂಗವೇ ಇಲ್ಲ ಈಗ. ಹಳೇ ಪೇಪರಿನವನಿಗೆ ಹೋಯಿತು.

ಎರಡನೇ ಮನೆ ಅಂದಾಗ ಸ್ವಿಸ್ ಕಲಾವಿದೆ ಮೆರೆಟ್ ಒಪ್ಪೆನ್‌ಹೈಮ್ ಹೆಸರು ಬರಲೇಬೇಕು. ಅವಳದು ಅಪ್ಪ ಅಮ್ಮ ಅಡ್ಡ ಬಂದ ಕತೆಯಲ್ಲ. ಅಜ್ಜಿ ಲಿಸಾ ವೆಂಗರ್ ಸ್ವತಃ ಮಕ್ಕಳ ಪುಸ್ತಕ ಬರೆದವರು. ಗಣಿತದ ನೋಟ್‌ಬುಕ್ಕಿನಲ್ಲಿ ಎಕ್ಸ್ ಎಂದರೆ ಮೊಲ ಎಂದು ಸಮೀಕರಣ ಬರೆದಿಟ್ಟ ಹುಡುಗಿ ಹದಿನೆಂಟಕ್ಕೆ ಪ್ಯಾರಿಸ್ಸಿಗೆ ಬಂದಳು. 1936ರಲ್ಲಿ ಒಂದು ಕಾಫಿ ಅಂಗಡಿಯಲ್ಲಿ ಪಿಕಾಸೊ, ಫೋಟೊಗ್ರಾಫರ್ ಡೋರಾ ಮಾರ್ ಜೊತೆ ಕೂತಿದ್ದಾಗ ಅವಳ ಕೈಯಲ್ಲಿ ತುಪ್ಪಳ ಹೊದಿಸಿದ ಬಳೆ ಇತ್ತು. ತುಪ್ಪಳ ಯಾವುದಕ್ಕೆ ಬೇಕಾದರೂ ಹೊದಿಸಬಹುದು ಎಂದು ಮಾತು ಬಂತು. ಈ ಕಪ್ಪು ಬಸಿಗೂ ಹೊದಿಸಬಹುದು ಎಂದಳು. ಅಂಗಡಿಯಿಂದ ಅಗ್ಗದ ಕಪ್ಪು, ಬಸಿ, ಚಮಚ ತಂದು ಜಿಂಕೆಜಾತಿಯ ಪ್ರಾಣಿಯ ತುಪ್ಪಳ ಅಂಟಿಸಿದಳು. ನೋಡಿದರೆ ನಾಲಿಗೆಗೆ ಕೂದಲು ಸಿಕ್ಕಿದ ಹಾಗಾಗುತ್ತದೆ! ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂ ಮೋಮಾದಲ್ಲಿದೆ. ಅದಕ್ಕೆ "ತುಪ್ಪಳದ ಊಟ" ಎಂಬಂಥ ಹೆಸರಿಟ್ಟವನು ಬ್ರೆತಾನ್, ಅವಳಲ್ಲ.

22ನೇ ವಯಸ್ಸಿಗೇ ಜಗತ್ತಿನಲ್ಲೆಲ್ಲ ಹೆಸರು. ಅದೇ ಕುತ್ತಾಯಿತು. ಎಲ್ಲರಿಗೂ ಇನ್ನೊಂದು ಕಪ್ಪೇ ಬೇಕು. ಅಪ್ಪ ಯಹೂದಿ, ಜರ್ಮನಿಯಲ್ಲಿ ವೈದ್ಯ ವೃತ್ತಿ ನಡೆಸುವಂತಿರಲಿಲ್ಲ, ಮನೆಯಿಂದ ದುಡ್ಡು ನಿಂತಿತು. 1937ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ವಾಪಸ್. ಹಳೆಯ ಚಿತ್ರಗಳನ್ನು ರಿಪೇರಿ ಮಾಡುವ ಕೆಲಸ ಕಲಿತಳು. ಸುಮಾರು 17 ವರ್ಷ ಕೈ ಕಟ್ಟಿಹೋಯಿತು. ಮಾಡಿದ್ದನ್ನು ತಾನೇ ಹಾಳು ಮಾಡುತ್ತಿದ್ದಳು. 1954ರಲ್ಲಿ ಒಂದು ದಿನ ಮತ್ತೆ ಕೆಲಸ ಶುರು.

1975ರಲ್ಲಿ ಬಾಸೆಲ್ ನಗರ ಪ್ರಶಸ್ತಿ ಕೊಟ್ಟಾಗ ಅವಳು ಹೇಳಿದ ಮಾತು ನನ್ನ ಟೇಬಲ್ ಮೇಲಿದೆ. ಸ್ವಾತಂತ್ರ್ಯವನ್ನು ಯಾರೂ ಕೊಡುವುದಿಲ್ಲ, ತಗೊಳ್ಳಬೇಕು. ನೆನಪಿರಲಿ, ಸ್ವಿಟ್ಜರ್ಲೆಂಡಿನಲ್ಲಿ ಹೆಂಗಸರಿಗೆ ದೇಶದ ಚುನಾವಣೆಯಲ್ಲಿ ಓಟು ಸಿಕ್ಕಿದ್ದೇ 1971ರಲ್ಲಿ. ನಮ್ಮ ಅಜ್ಜಿಯರು ಅದಕ್ಕೆ ಇಪ್ಪತ್ತು ವರ್ಷ ಮೊದಲೇ ಓಟು ಹಾಕಿ ಬಂದಿದ್ದರು.

ವಾರ್ಡ್_ನಂಬರ್_6

ಆ 17 ವರ್ಷದ ಬಗ್ಗೆ ಯಾರೂ ಜಾಸ್ತಿ ಬರೆಯುವುದಿಲ್ಲ. ಓಡಿಹೋದ ರಾತ್ರಿಯ ಬಗ್ಗೆ ಎಲ್ಲರೂ ಬರೆಯುತ್ತಾರೆ.

ಅರ್ಧ_ಕಪ್_ಕಾಫಿ

ನನ್ನ ಪ್ರಶ್ನೆಗೆ ನನಗೇ ಸಿಕ್ಕ ಉತ್ತರ ಹೇಳಲಾ? ಅಡುಗೆಮನೆ. ನಗಬೇಡಿ.

ಮೆಕ್ಸಿಕೊ ನಗರದ ಕಲೋನಿಯಾ ರೋಮಾ ಎಂಬ ಬಡಾವಣೆ. ಕ್ಯಾರಿಂಗ್ಟನ್, ವಾರೊ ಇಬ್ಬರೂ ಹತ್ತಿರ ಹತ್ತಿರ ಇದ್ದರು. ಮೂರನೆಯವಳು ಹಂಗೇರಿಯ ಫೋಟೊಗ್ರಾಫರ್ ಕಾತಿ ಹೊರ್ನಾ. ಮೂವರೂ ಯುದ್ಧ ದಾಟಿ ಬಂದವರು. ದಿನಾ ಒಬ್ಬರ ಮನೆಗೆ ಒಬ್ಬರು. ಲೆದುಕ್ ಜೊತೆಗಿನ ಆ ಕಾಗದದ ಮದುವೆ ಮುಗಿದು, ಕ್ಯಾರಿಂಗ್ಟನ್ 1946ರಲ್ಲಿ ಚಿಕಿ ವೈಸ್ ಎಂಬ ಹಂಗೇರಿಯ ಫೋಟೊಗ್ರಾಫರನನ್ನು ಮದುವೆಯಾದಳು. ಎರಡು ಗಂಡುಮಕ್ಕಳು. ಎಡ್ವರ್ಡ್ ಜೇಮ್ಸ್ ಎಂಬ ಇಂಗ್ಲಿಷ್ ಶ್ರೀಮಂತ ಅವಳ ಚಿತ್ರ ಕೊಳ್ಳಲು ಬಂದವನು ಸ್ಟುಡಿಯೊ ನೋಡಿ ಬರೆದಿದ್ದಾನೆ. ಪುಟ್ಟ ಕೋಣೆ, ಬೆಳಕೂ ಸಾಲದು. ಅದೇ ಅಡುಗೆಮನೆ, ಅದೇ ಮಗುವಿನ ಕೋಣೆ, ಅದೇ ಮಲಗುವ ಮನೆ, ನಾಯಿಗೂಡು, ಹಳೇ ಸಾಮಾನಿನ ಉಗ್ರಾಣ. ನೆಲದ ಮೇಲೆ ನಾಯಿ ಬೆಕ್ಕು. ಸುಣ್ಣ ಉದುರುವ ಗೋಡೆಗೆ ಚಿತ್ರಗಳನ್ನು ಮುಖ ತಿರುಗಿಸಿ ಒರಗಿಸಿದ್ದಳು. ನಿಜವಾದ ಕಲೆ ಹುಟ್ಟುವುದಕ್ಕೆ ಬೇಕಾದದ್ದೆಲ್ಲ ಅಲ್ಲಿತ್ತು ಎಂದು ಅವನ ತೀರ್ಪು.

ಬಣ್ಣ ಕಲಸುತ್ತಿದ್ದದ್ದೂ ಅಡುಗೆಯವರ ಹಾಗೆ. ಮೊಟ್ಟೆಯ ಹಳದಿಯನ್ನು ಬೇರೆ ಮಾಡಿ, ಬಣ್ಣದ ಪುಡಿ ಕಲಸಿ, ಮರದ ಹಲಗೆ ಮೇಲೆ ತೆಳುವಾಗಿ ಹಚ್ಚುವ ಹಳೇ ಇಟಾಲಿಯನ್ ಪದ್ಧತಿ. ಅತಿಥಿಗಳಿಗೆ ಸಾಬಕ್ಕಿಯಂಥ ಟ್ಯಾಪಿಯೋಕಾ ಕಾಳಿಗೆ ಕಡಲ ಪ್ರಾಣಿಯ ಮಸಿ ಬೆರೆಸಿ, ಇದು ದುಬಾರಿ ಮೀನಿನ ಮೊಟ್ಟೆ ಎಂದು ಬಡಿಸಿದರಂತೆ. ರಾತ್ರಿ ಉಳಿದ ಅತಿಥಿಯ ಕೂದಲು ಕತ್ತರಿಸಿ ಬೆಳಗಿನ ಆಮ್ಲೆಟ್ಟಿಗೆ ಹಾಕಿದ ಕತೆಯೂ ಇದೆ. ವಾರೊ ಕನಸು ಬರಿಸುವ ಅಡುಗೆಯ ವಿಧಾನಗಳನ್ನು ಬರೆದಿಟ್ಟಿದ್ದಾಳೆ, ಥೇಟ್ ಅಡುಗೆ ಪುಸ್ತಕದ ಭಾಷೆಯಲ್ಲಿ. ಯಾವ ಅಡುಗೆಮನೆಯಲ್ಲಿ ಕೂಡಿಹಾಕುತ್ತಾರೆ ಎಂದು ಹೆದರಿ ಓಡಿದರೋ, ಅಲ್ಲಿಗೇ ಬಂದು ಸೇರಿದರು. ಆದರೆ ಈ ಸಲ ಅದು ಅವರದೇ.

ಖಾರಾ_ಬೂಂದಿ

ಚೆನ್ನಾಗಿದೆ. ಆದರೆ ಚಿಕಿ ವೈಸ್ ಪಾತ್ರೆ ತೊಳೆಯುತ್ತಿದ್ದನಾ ಎಂದು ಯಾರಾದರೂ ಹೇಳಿ.

ಲೆಕ್ಕದವನಾದ್ದರಿಂದ ಒಂದು ಅಂಕಿ: 2024ರ ಮೇ ತಿಂಗಳಲ್ಲಿ ಅವಳ 1945ರ ಚಿತ್ರವೊಂದು ನ್ಯೂಯಾರ್ಕ್ ಹರಾಜಿನಲ್ಲಿ 2.85 ಕೋಟಿ ಡಾಲರಿಗೆ ಹೋಯಿತು. ನಮ್ಮ ದುಡ್ಡಲ್ಲಿ 230 ಕೋಟಿಗೂ ಮೇಲೆ. ಅವಳು 2011ರಲ್ಲೇ ತೀರಿಕೊಂಡಿದ್ದಳು, 94 ವರ್ಷಕ್ಕೆ. ಮೊಟ್ಟೆ, ಬಣ್ಣದ ಪುಡಿ, ಹಲಗೆ. ಕಚ್ಚಾ ಮಾಲಿಗೆ ಎಷ್ಟಾಗಿರಬಹುದು?

ಸುಮ್ನೆ_ಓದುವವ

ಅರ್ಧ ಕಪ್ ಮೇಡಂ, ಅಕ್ಕನ ಮಗಳ ಕತೆ ಏನಾಯಿತು? ಎಲ್ಲರೂ ಮರೆತೇಬಿಟ್ಟಿರಿ.

ಅರ್ಧ_ಕಪ್_ಕಾಫಿ

ಹುಡುಗನ ಕಡೆಯವರು ಒಪ್ಪಿದ್ದಾರೆ. ಹುಡುಗಿ ಯೋಚನೆ ಮಾಡ್ತೀನಿ ಅಂದಿದ್ದಾಳೆ. ಅಕ್ಕ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ಧಾರವಾಡ_ಪೇಢೆ

ಮೂರು ದಿನದಿಂದ ಓದುತ್ತಿದ್ದೇನೆ, ಇವತ್ತು ಬರೆಯುತ್ತೇನೆ. ವಾರೊ ಚಿತ್ರಗಳಲ್ಲಿ ಮೂರರ ಒಂದು ಸರಣಿ ಇದೆ, 1960-61ರದ್ದು. ಮೊದಲನೆಯದರಲ್ಲಿ ಒಂದೇ ಥರದ ಹುಡುಗಿಯರು ಸೈಕಲ್ ಮೇಲೆ ಕಾನ್ವೆಂಟಿನಿಂದ ಸಾಲಾಗಿ ಹೊರಟಿದ್ದಾರೆ, ಜೊತೆಗೆ ಮಠದ ದೊಡ್ಡಮ್ಮ. ಎರಡನೆಯದರಲ್ಲಿ ಅದೇ ಹುಡುಗಿಯರು ಎತ್ತರದ ಗೋಪುರದ ಒಳಗೆ ಕೂತು ಕಸೂತಿ ಹಾಕುತ್ತಿದ್ದಾರೆ. ಮೂರನೆಯದರಲ್ಲಿ ಒಬ್ಬಳು ಪ್ರಿಯಕರನ ಜೊತೆ ತಪ್ಪಿಸಿಕೊಂಡು ಹೊರಟಿದ್ದಾಳೆ.

ಆ ಎರಡನೆಯದನ್ನು ಫೋನಿನಲ್ಲಿ ನಮ್ಮ ಅವ್ವನಿಗೆ ತೋರಿಸಿದೆ. ಅವ್ವ ನಲವತ್ತು ವರ್ಷದಿಂದ ಇಳಕಲ್ ಸೀರೆಗೆ ಕಸೂತಿ ಹಾಕುವವಳು. ಸರ್ರಿಯಲಿಸಂ ಗಿರ್ರಿಯಲಿಸಂ ಏನೂ ಹೇಳಲಿಲ್ಲ. ಕನ್ನಡಕ ಏರಿಸಿ ಎರಡು ಬೆರಳಲ್ಲಿ ಚಿತ್ರ ಹಿಗ್ಗಿಸಿದಳು. ಮೊದಲು ಕಂಡದ್ದು ದಾರ. "ಎಲ್ಲಾರೂ ಒಂದ ಪಾತ್ರೆಯೊಳಗಿನ ದಾರ ತಗೋಳಾಕತ್ತಾರ ನೋಡು" ಎಂದಳು. ನಿಜ, ನಡುವೆ ಮುಸುಕು ಹಾಕಿದ ಒಬ್ಬರು ಪುಸ್ತಕ ನೋಡಿಕೊಂಡು ಒಂದು ಪಾತ್ರೆ ಕಲಕುತ್ತಿದ್ದಾರೆ, ಹುಡುಗಿಯರ ದಾರವೆಲ್ಲ ಅದರಿಂದಲೇ ಬರುತ್ತದೆ. ನಾನು ಎಷ್ಟು ಸಲ ನೋಡಿದ್ದೆ, ಕಂಡಿರಲಿಲ್ಲ. ಹುಡುಗಿಯರು ಹೊಲಿದ ಬಟ್ಟೆ ಗೋಪುರದ ಕಿಂಡಿಗಳಿಂದ ಕೆಳಗೆ ಇಳಿದು ಭೂಮಿಯೇ ಆಗುತ್ತದೆ. ಮನೆ, ಮರ, ಹೊಳೆ, ದೋಣಿ, ಎಲ್ಲ ಆ ಬಟ್ಟೆಯ ಮೇಲೆ.

"ಇದರ ಹಿಂಬದಿ ತೋರ್ಸು" ಎಂದಳು ಅವ್ವ.

ಕಸೂತಿಯವರ ಅಭ್ಯಾಸ ಅದು. ಗವಂತಿ ಹೊಲಿಗೆಯಲ್ಲಿ ಗಂಟು ಹಾಕುವಂತಿಲ್ಲ, ಮುಂದೆ ಹೇಗೋ ಹಿಂದೆಯೂ ಹಾಗೇ ಕಾಣಬೇಕು. ಹಿಂಬದಿ ನೋಡಿಯೇ ಹೊಲಿದವಳ ಯೋಗ್ಯತೆ ಹೇಳುತ್ತಾರೆ. ಅವ್ವಾ, ಇದು ಬಣ್ಣದ ಚಿತ್ರ, ಹಿಂಬದಿ ಇಲ್ಲ ಎಂದೆ. ಅವಳು ಕೇಳಲಿಲ್ಲ. ಫೋನನ್ನೇ ಆ ಕಡೆ ಈ ಕಡೆ ಮಾಡಿದಳು. ಚಿತ್ರ ಪೂರ್ತಿ ತಲೆಕೆಳಗಾಯಿತು. ಎಡಗಡೆ ಬಟ್ಟೆಯ ಮಡಿಕೆ ಹತ್ತಿರ ಅವ್ವನ ಬೆರಳು ನಿಂತಿತು.

"ಇವ್ರ್ಯಾರು ಇಲ್ಲಿ?"

ಮಡಿಕೆಯೊಳಗೆ, ಸಾಸಿವೆಯಷ್ಟು ಸಣ್ಣದಾಗಿ, ಒಬ್ಬ ಹುಡುಗ ಒಬ್ಬ ಹುಡುಗಿ. ನೇರವಾಗಿ ಹಿಡಿದರೆ ಅವರು ತಲೆಕೆಳಗು, ಕಣ್ಣಿಗೇ ಬೀಳುವುದಿಲ್ಲ. ಗೋಪುರದ ಹುಡುಗಿಯೊಬ್ಬಳು ಎಲ್ಲರ ಕಣ್ಣು ತಪ್ಪಿಸಿ ತನ್ನ ಬಿಡುಗಡೆಯನ್ನು ಅಲ್ಲಿ ಹೊಲಿದುಕೊಂಡಿದ್ದಾಳೆ ಎಂದು ವಾರೊ ಬರೆದದ್ದನ್ನು ನಾನು ಓದಿದ್ದೆ. ಎಲ್ಲಿದೆ ಎಂದು ಹುಡುಕಿ ಸೋತಿದ್ದೆ.

ಅವ್ವ ಸ್ವಲ್ಪ ಹೊತ್ತು ನೋಡಿದಳು. "ಗಂಟ ಹಾಕಿಲ್ಲ ನೋಡ ಹುಡುಗಿ" ಎಂದು ಫೋನು ವಾಪಸ್ ಕೊಟ್ಟು, ತನ್ನ ಸೂಜಿಗೆ ದಾರ ಪೋಣಿಸಲು ಕೂತಳು.